ಓದಿನ ದಾರಿಗಳಲ್ಲೂ ಮೇಲು-ಕೀಳು ಬೇಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕಲಬುರಗಿಯ ಮೋಮಿನಪುರದ ಓಣಿಗಳಿಂದ ಹಿಡಿದು ಕಮಲಾಪುರ ತಾಲ್ಲೂಕಿನ ಹಳ್ಳಿಗಳವರೆಗೆ ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ: ಮುಂದೇನು? ನಿವೃತ್ತ ಇಂಜಿನಿಯರ್ ಎಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಬಳಿಗೂ ಬರುತ್ತದೆ. ಆದರೆ ಕೇಳಲು ಬರುವ ಬಹಳಷ್ಟು ತಂದೆ-ತಾಯಿಗಳು ಉತ್ತರವನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಬಂದಿರುತ್ತಾರೆ. ಅಂಕ ಚೆನ್ನಾಗಿದ್ದರೆ ಪಿಯುಸಿ ಸೈನ್ಸ್, ಜೊತೆಗೆ ಕೋಚಿಂಗ್. ಅಂಕ ಕಡಿಮೆ ಇದ್ದರೆ ಹುಡುಗ ಹೊಲಕ್ಕೆ ಇಲ್ಲವೆ ಅಂಗಡಿಗೆ, ಹುಡುಗಿ ಅಡುಗೆ ಮನೆಗೆ.

ಈ ಎರಡರ ನಡುವೆ ಹತ್ತಾರು ದಾರಿಗಳಿವೆ. ಅವುಗಳ ಹೆಸರು ಹೇಳಿದರೆ ಎದುರಿಗಿದ್ದವರ ಮುಖ ಸಣ್ಣದಾಗುತ್ತದೆ. "ಸರ, ಐಟಿಐ ಹಚ್ಚಿದ್ರ ಮಂದಿ ಏನಂತಾರ್ರಿ?" ಎಂದು ಒಬ್ಬ ತಂದೆ ನನ್ನನ್ನು ನೇರವಾಗಿಯೇ ಕೇಳಿದರು. ಮಗನಿಗೆ ಯಾವುದರಲ್ಲಿ ಆಸಕ್ತಿ, ಯಾವುದು ಅವನಿಗೆ ಒಗ್ಗುತ್ತದೆ ಎಂಬ ಪ್ರಶ್ನೆ ಅವರ ಬಾಯಿಂದ ಬರಲಿಲ್ಲ. ಮಂದಿಯ ಮಾತೇ ದೊಡ್ಡದಾಗಿತ್ತು. ಇದು ಆ ಒಬ್ಬ ತಂದೆಯ ಮಾತಲ್ಲ, ನಮ್ಮ ಇಡೀ ಸಮಾಜದ ಮಾತು. ನಾವು ಓದಿನ ದಾರಿಗಳಿಗೂ ಜಾತಿ ಕಟ್ಟಿದ್ದೇವೆ. ಮೆಡಿಕಲ್, ಇಂಜಿನಿಯರಿಂಗ್ ಮೇಲು, ಡಿಪ್ಲೊಮಾ ನಡುವೆ, ಐಟಿಐ ಕೀಳು. ಕಾಯಕ ತತ್ವವನ್ನು ಜಗತ್ತಿಗೆ ಕೊಟ್ಟವರ ಮನೆಯಲ್ಲೇ ಹೀಗಾದರೆ ಹೇಗೆ ಎಂಬುದೇ ಈ ಲೇಖನದ ಚಿಂತೆ.

ಸೋತವರ ಲೆಕ್ಕ ಯಾರು ಇಟ್ಟಿದ್ದಾರೆ?

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲಿತ್ತು. ನಮ್ಮ ಕಲಬುರಗಿ ಶೇ 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಅಂದರೆ ಪರೀಕ್ಷೆಗೆ ಕೂತ 100 ಮಕ್ಕಳಲ್ಲಿ 57 ಮಂದಿ ಪಾಸಾಗಲಿಲ್ಲ. ಆ ದಿನ ಪತ್ರಿಕೆಗಳಲ್ಲಿ ರ‍್ಯಾಂಕ್ ಬಂದ ಮಕ್ಕಳ ಭಾವಚಿತ್ರಗಳಿದ್ದವು, ಸನ್ಮಾನಗಳೂ ನಡೆದವು. ಅದು ತಪ್ಪಲ್ಲ. ಆದರೆ ಈ 57 ಮಕ್ಕಳು ಎಲ್ಲಿ ಹೋದರು? ಅವರ ಮನೆಗೆ ಯಾರು ಹೋದರು?

ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು. ಮಗುವಿನ ಒಂದು ವರ್ಷ ಹಾಳಾಗಬಾರದು ಎಂದೇ ಈ ವ್ಯವಸ್ಥೆ. ಆದರೆ ನಮ್ಮಲ್ಲಿ ಒಮ್ಮೆ ಸೋತ ಮಗು ಮರುದಿನವೇ ಕೂಲಿಗೋ ಕಿರಾಣಿ ಅಂಗಡಿಗೋ ಹೊಂದಿಕೊಂಡುಬಿಡುತ್ತದೆ. ಗಣಿತ ಅಥವಾ ಇಂಗ್ಲಿಷ್ ಒಂದೇ ವಿಷಯದಲ್ಲಿ ಹೋದ ಮಗುವಿಗೆ ಮೂರು ವಾರ ಕೂಡಿಸಿ ಪಾಠ ಹೇಳಿದರೆ ಪಾಸಾಗುವ ಸಾಧ್ಯತೆ ಇರುತ್ತದೆ. ಪಾಠ ಹೇಳುವವರಿಲ್ಲ, ಕೂಡಿಸುವ ಜಾಗವಿಲ್ಲ ಎಂಬುದು ಅವರ ಕೊರತೆ. ಜಾಗವೂ ಇದೆ, ನಿವೃತ್ತ ಶಿಕ್ಷಕರೂ ಇದ್ದಾರೆ ಎಂಬುದು ನಮ್ಮ ಮಠಗಳ ಸ್ಥಿತಿ. ಇವೆರಡೂ ಇನ್ನೂ ಒಂದನ್ನೊಂದು ಕಂಡಿಲ್ಲ.

ಶರಣರ ಹೆಸರಿನಲ್ಲಿ ಏನಿದೆ?

ನಮ್ಮ ಶರಣರ ಹೆಸರುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಜೇಡರ ದಾಸಿಮಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಒಕ್ಕಲಿಗ ಮುದ್ದಣ್ಣ, ಸಮಗಾರ ಹರಳಯ್ಯ, ಆಯ್ದಕ್ಕಿ ಮಾರಯ್ಯ. ಹೆಸರಿನ ಮುಂದೆ ಕಾಯಕ ನಿಂತಿದೆ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು ಅನುಭವ ಮಂಟಪದಲ್ಲಿ ಮಂತ್ರಿಯ ಸಮಕ್ಕೆ ಕೂತರು. ಅವರು ತಮ್ಮ ಕೆಲಸವನ್ನು ಮುಚ್ಚಿಡಲಿಲ್ಲ, ಹೆಸರಾಗಿ ಹೊತ್ತರು.

ಇಂದು ನಮ್ಮ ಮದುವೆಯ ಲಗ್ನಪತ್ರಿಕೆ ನೋಡಿ. ವರನ ಹೆಸರಿನ ಮುಂದೆ ಡಾ., ಇಂಜಿನಿಯರ್ ಎಂದಿದ್ದರೆ ದೊಡ್ಡ ಅಕ್ಷರ. ಟರ್ನರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಎಂದು ಅಚ್ಚು ಹಾಕಿಸಿದ ಪತ್ರಿಕೆಯನ್ನು ನಾನಂತೂ ಕಂಡಿಲ್ಲ. "ಖಾಸಗಿ ಕಂಪನಿಯಲ್ಲಿ ಉದ್ಯೋಗ" ಎಂದು ಬರೆಸಿ ಕೆಲಸವನ್ನು ಮರೆಮಾಡುತ್ತೇವೆ. ಬಸವ ಜಯಂತಿಯ ವೇದಿಕೆಯ ಮೇಲೆ ಕಾಯಕದ ಬಗ್ಗೆ ಒಂದು ಗಂಟೆ ಮಾತಾಡಿ, ಮನೆಗೆ ಬಂದು ಮಗನಿಗೆ "ಕೈಗೆ ಗ್ರೀಸ್ ಹತ್ತೋ ಕೆಲಸ ನಮಗ ಬ್ಯಾಡ" ಎನ್ನುವವರು ನಾವು. ಹುಟ್ಟಿನಿಂದ ಬರುವ ಮೇಲು-ಕೀಳನ್ನು ವಿರೋಧಿಸುವ ಧರ್ಮ ಕೋರ್ಸಿನಿಂದ ಬರುವ ಮೇಲು-ಕೀಳನ್ನು ಒಪ್ಪಿಕೊಂಡರೆ ಅದು ಅರ್ಧ ಸುಧಾರಣೆಯಷ್ಟೆ.

ನಾನು ಸರ್ಕಾರಿ ಸೇವೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಲೋಕೋಪಯೋಗಿ ಇಲಾಖೆಯ ಕಿರಿಯ ಇಂಜಿನಿಯರ್ ಹುದ್ದೆಗೆ ಬೇಕಾದದ್ದು ಡಿಪ್ಲೊಮಾ. ರಸ್ತೆ, ಸೇತುವೆ, ಕಟ್ಟಡ ಯಾವುದೇ ಇರಲಿ, ಸ್ಥಳದಲ್ಲಿ ನಿಂತು ಕಬ್ಬಿಣ ಎಣಿಸಿ, ಕಾಂಕ್ರೀಟ್ ನೋಡಿ, ಅಳತೆ ಪುಸ್ತಕ ಬರೆಯುವವರು ಅವರೇ. ಅವರಲ್ಲಿ ಬಡ್ತಿ ಪಡೆದು ಮೇಲಿನ ಹುದ್ದೆಗೆ ಹೋದವರೂ ಇದ್ದಾರೆ. ಪಂಪ್‌ಹೌಸಿನಲ್ಲಿ ಮೋಟಾರ್ ಕೆಟ್ಟರೆ ಪದವಿ ಪಡೆದ ನಾವು ಕಡತ ಬರೆಯಬಹುದಿತ್ತು. ಊರಿಗೆ ನೀರು ಕೊಡುತ್ತಿದ್ದವನು ಐಟಿಐ ಓದಿದ ಎಲೆಕ್ಟ್ರಿಷಿಯನ್.

ದಾರಿಗಳು ಯಾವುವು?

ಮಾಹಿತಿ ಇಲ್ಲದೆ ಗೌರವದ ಮಾತಾಡಿದರೆ ಹೊಟ್ಟೆ ತುಂಬದು. ಆದ್ದರಿಂದ ಕೆಲವು ದಾರಿಗಳನ್ನು ಇಲ್ಲಿ ಹೇಳುತ್ತೇನೆ. ಪ್ರವೇಶದ ನಿಯಮ ವರ್ಷ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ. ಆಯಾ ವರ್ಷದ ಪ್ರಕಟಣೆ ನೋಡಿಕೊಂಡೇ ಅರ್ಜಿ ಹಾಕಬೇಕು.

ಮೊದಲನೆಯದು ಐಟಿಐ. ಎಲೆಕ್ಟ್ರಿಷಿಯನ್, ಫಿಟ್ಟರ್, ಮೆಷಿನಿಸ್ಟ್‌ನಂಥ ಎರಡು ವರ್ಷದ ಟ್ರೇಡ್‌ಗಳಿಗೆ ಎಸ್ಸೆಸ್ಸೆಲ್ಸಿ ಬೇಕು. ವೆಲ್ಡರ್, ವೈರ್‌ಮನ್, ಪ್ಲಂಬರ್‌ನಂಥ ಕೆಲವು ಟ್ರೇಡ್‌ಗಳಿಗೆ 8ನೇ ತರಗತಿ ಪಾಸಾಗಿದ್ದರೂ ಸಾಕು. ಹತ್ತರಲ್ಲಿ ಸೋತ ಮಗುವಿಗೆ ಇದು ತೆರೆದ ಬಾಗಿಲು. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳು ಬಂದಿವೆ. ಹಳೆಯ ಲೇತ್ ಯಂತ್ರ, ಮುರುಕು ಬೆಂಚು ಎಂಬ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವರು ಒಮ್ಮೆ ಹೋಗಿ ನೋಡಬೇಕು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ ಇದ್ದರೆ ಅರ್ಜಿ ಹಾಕಬಹುದು ಎಂಬುದು ನಮ್ಮ ಎಷ್ಟು ಹಳ್ಳಿಗಳಿಗೆ ಗೊತ್ತು? ಮಳಖೇಡ, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಅಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕೆಲಸ ಬಲ್ಲವರಿಲ್ಲದೆ ಒಂದು ದಿನವೂ ನಡೆಯದು.

ಎರಡನೆಯದು ಮೂರು ವರ್ಷದ ಡಿಪ್ಲೊಮಾ. ಕಲಬುರಗಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಮಹಿಳೆಯರಿಗೆ ಪ್ರತ್ಯೇಕ ಸರ್ಕಾರಿ ಪಾಲಿಟೆಕ್ನಿಕ್ ಕೂಡ ಇದೆ. ಮೂರನೆಯದು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಕೇಂದ್ರ ನಮ್ಮ ಕಲಬುರಗಿಯಲ್ಲೂ ಇದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೈಯಲ್ಲಿ ಕೆಲಸ ಹಿಡಿದೇ ಮಕ್ಕಳು ಹೊರಬರುತ್ತಾರೆ. ಜರ್ಮನ್ ಮಾದರಿಯ ತರಬೇತಿ ಕೊಡುವ ಕೆಜಿಟಿಟಿಐ ಕೇಂದ್ರವೂ ಇಲ್ಲಿದೆ.

ಇವಲ್ಲದೆ ಎಸ್ಸೆಸ್ಸೆಲ್ಸಿ ನಂತರ ಸೇರಬಹುದಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ. ಪ್ರಯೋಗಾಲಯ, ಎಕ್ಸ್‌ರೇ, ಶಸ್ತ್ರಚಿಕಿತ್ಸಾ ಕೊಠಡಿ ಯಾವುದಕ್ಕೂ ತಂತ್ರಜ್ಞರು ಬೇಕು. ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲೇ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಒಕ್ಕಲು ಮಕ್ಕಳಿಗೆ ಇದಕ್ಕಿಂತ ಹತ್ತಿರದ ಓದು ಯಾವುದು? ನಮ್ಮ ತೊಗರಿ ಬೇಳೆಗೂ ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆಯನ್ನು ಬೆಲೆಯಾಗಿ ಮಾಡಬಲ್ಲ ಓದಿದ ರೈತರು ಬೇಕಾಗಿದ್ದಾರೆ.

"ಬಡವರ ಮಕ್ಕಳು ಫಿಟ್ಟರ್ ಆಗಲಿ ಅಂತೀರಾ?"

ಈ ಮಾತಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಬರಲೇಬೇಕು. ಉಳ್ಳವರ ಮಕ್ಕಳು ಡಾಕ್ಟರ್ ಆಗಲಿ, ಇಲ್ಲದವರ ಮಕ್ಕಳು ಸ್ಪಾನರ್ ಹಿಡಿಯಲಿ ಎನ್ನುವುದು ಹಳೆಯ ವರ್ಣ ವ್ಯವಸ್ಥೆಯನ್ನೇ ಹೊಸ ಅಂಗಿ ತೊಡಿಸಿ ತಂದಂತೆ ಅಲ್ಲವೆ? ಹೌದು, ದಾರಿಗಳು ಅಲ್ಲಿಗೇ ಮುಚ್ಚಿದ್ದರೆ ಹಾಗೇ ಆಗುತ್ತಿತ್ತು. ಆದರೆ ಅವು ಮುಚ್ಚಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಸೇರಲು ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ನಡುವೆ ದುಡಿದು, ಮನೆಗೆ ಆಸರೆಯಾಗಿ, ಮತ್ತೆ ಓದಬಹುದು. ಇದು ಏಣಿ. ಕೆಳಗಿನ ಮೆಟ್ಟಿಲಿನಲ್ಲಿ ಕಾಲಿಟ್ಟವರು ಅಲ್ಲೇ ನಿಲ್ಲಬೇಕೆಂದಿಲ್ಲ.

ಮೇಲಿನ ಮೆಟ್ಟಿಲುಗಳೂ ಬಡ ಮಕ್ಕಳಿಗೆ ಸಿಗಬೇಕು. ಅಲ್ಲಿಗೆ ಹೋಗಲು ಕಾನೂನು ಕೊಟ್ಟ ಹಕ್ಕುಗಳಿವೆ, ಅವು ನಮ್ಮವರ ಅರಿವಿನಲ್ಲಿಲ್ಲ. ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿತು. ಅದರಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಶೇ 70ರಷ್ಟು ಸೀಟುಗಳು ಇಲ್ಲಿಯವರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿ ತುಂಬುವ ದಿನ ಪ್ರಮಾಣಪತ್ರಕ್ಕೆ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇವೆ. ಹತ್ತನೆಯ ತರಗತಿಯಲ್ಲಿರುವಾಗಲೇ ಮಾಡಿಸಿಟ್ಟರೆ ಈ ಓಡಾಟವಿಲ್ಲ.

ಇನ್ನೊಂದು ಮಾತನ್ನು ಹಳ್ಳಿಯ ತಂದೆ-ತಾಯಿಗಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಇದೆ. ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ಕಮಲಾಪುರ ಕಡೆಯ ಹಳ್ಳಿಯಲ್ಲಿ ಏಳನೆಯವರೆಗೆ ಓದಿಸಿ, "ಸಿಟಿ ಶಾಲಿ ಚಲೋ" ಎಂದು ಎಂಟಕ್ಕೆ ಕಲಬುರಗಿಯ ಇಂಗ್ಲಿಷ್ ಶಾಲೆಗೆ ಹಾಕಿದರೆ ಒಂದೇ ಹೆಜ್ಜೆಯಲ್ಲಿ ಈ ಎರಡೂ ಹಕ್ಕುಗಳು ಹೋಗುತ್ತವೆ. ಮಗುವಿಗೆ ನಗರದ ಶಾಲೆಯೇ ಒಳ್ಳೆಯದಾಗಿದ್ದರೆ ಹಾಕಲಿ, ಆದರೆ ಕಳೆದುಕೊಳ್ಳುವುದೇನು ಎಂದು ತಿಳಿದು ಹಾಕಲಿ.

ಬುದ್ಧಿವಂತ ಮಗುವಿಗೂ ನೀಟ್, ಜೆಇಇ ಎರಡೇ ದಾರಿಗಳಲ್ಲ. ವಿಜ್ಞಾನದಲ್ಲಿ ನಿಜವಾದ ಕುತೂಹಲವಿದ್ದರೆ ಪಿಯುಸಿ ನಂತರ ಐಸರ್ ಸಂಸ್ಥೆಗಳಿವೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ ಇದೆ. ಶಿಕ್ಷಕನಾಗುವ ಆಸೆಯಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿ.ಇಡಿ. ಒಟ್ಟಿಗೆ ಮಾಡಬಹುದು. ಕಾನೂನಿಗೆ ಐದು ವರ್ಷದ ಸಂಯುಕ್ತ ಪದವಿ ಇದೆ. ವಾಣಿಜ್ಯ ಓದಿದವರು ಸಿಎ ಕಡೆಗೆ ಹೋಗಬಹುದು. ಕಲಾ ವಿಭಾಗ ಎಂದರೆ "ದಡ್ಡರ ವಿಭಾಗ" ಎನ್ನುವ ಮಾತನ್ನು ನಮ್ಮ ಮನೆಗಳಿಂದ ತೆಗೆದುಹಾಕಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ಅದರ ಕಟ್ಟಡ ನೋಡುತ್ತಾರೆ. ಒಳಗೆ ಹೋಗುವ ಪರೀಕ್ಷೆ ಯಾವುದೆಂದು ಅವರಿಗೆ ಹೇಳಿದವರಿಲ್ಲ.

ಇದೆಲ್ಲ ಹತ್ತನೆಯ ತರಗತಿಯ ನಂತರ ಶುರುವಾಗುವ ಕೆಲಸವೂ ಅಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಆಯ್ಕೆಯಾದ ಬಡ ಮಗುವಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಒಬ್ಬ ಶಿಕ್ಷಕರು ಮನಸ್ಸು ಮಾಡಿದರೆ ಒಂದು ಶಾಲೆಯಿಂದ ಕೆಲವಾರು ಮಕ್ಕಳನ್ನು ಇದಕ್ಕೆ ತಯಾರು ಮಾಡಬಹುದು.

ಹೆಣ್ಣುಮಕ್ಕಳ ಮಾತು

ಗಂಡು ಮಗು ಹತ್ತರಲ್ಲಿ ಸೋತರೆ ಕೆಲಸಕ್ಕೆ ಹೋಗುತ್ತದೆ. ಹೆಣ್ಣು ಮಗು ಸೋತರೆ ಮದುವೆಯ ಮಾತು ಏಳುತ್ತದೆ. ವಯಸ್ಸು ಹದಿನಾರು ದಾಟಿರುವುದಿಲ್ಲ. ಪಾಸಾದ ಹುಡುಗಿಗೂ "ಕಲಬುರಗಿಗೆ ದಿನಾ ಹೋಗಿ ಬರೋದು ಹ್ಯಾಂಗ?" ಎಂಬ ಅಡ್ಡಗೋಡೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹುಮನಾಬಾದ್ ರಸ್ತೆಯ ಮೇಲೆಯೇ ಇರುವ ಕಮಲಾಪುರದಿಂದ ನಗರಕ್ಕೆ ಬಸ್ಸಿಗೆ ಬರವಿಲ್ಲ. ಖರ್ಚಿನ ನೆಪ ಹೋಯಿತು. ಈಗ ಉಳಿದಿರುವುದು ಭಯ ಮತ್ತು ಮಂದಿಯ ಮಾತು. ಒಂದೇ ಹಳ್ಳಿಯ ನಾಲ್ಕಾರು ಹುಡುಗಿಯರು ಒಟ್ಟಾಗಿ ಮಹಿಳಾ ಪಾಲಿಟೆಕ್ನಿಕ್‌ಗೆ ಸೇರಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧವನ್ನು ಊರಿನ ಮಠದ ಸ್ವಾಮಿಗಳು ಮನೆಗೆ ಬಂದು ಹೇಳುವ ಒಂದು ಮಾತು ಕಳೆಯಬಲ್ಲದು. ಅಕ್ಕಮಹಾದೇವಿಯನ್ನು ಅನುಭವ ಮಂಟಪಕ್ಕೆ ಬರಮಾಡಿಕೊಂಡ ಪರಂಪರೆ ನಮ್ಮದು. ನಮ್ಮ ಮನೆಯ ಮಗಳನ್ನು ಪಾಲಿಟೆಕ್ನಿಕ್‌ಗೆ ಕಳಿಸಲು ಹಿಂದೇಟು ಹಾಕಬಾರದು.

ಮಠಗಳು ಮಾಡಿದ್ದು, ಮಾಡಬೇಕಾದ್ದು

ಮಠಗಳಿಗೆ ಯಾಕೆ ಇದರ ಭಾರ ಎಂದು ಕೇಳುವವರಿಗೆ ಇತಿಹಾಸವೇ ಉತ್ತರ. ಹರ್ಡೇಕರ, ಹಳಕಟ್ಟಿಯವರ ಕಾಲದಿಂದಲೂ ನಮ್ಮ ಸುಧಾರಣೆ ಶಿಕ್ಷಣದ ಕೈ ಹಿಡಿದೇ ನಡೆದಿದೆ. ಫ.ಗು. ಹಳಕಟ್ಟಿಯವರು ವಚನಗಳನ್ನು ಉಳಿಸಿದ್ದಷ್ಟೇ ಅಲ್ಲ, 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೂ ಕಾರಣರಾದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಕಟ್ಟಿದರು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಅದೇ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಶುರುವಾಗಿ, ಈ ಭಾಗಕ್ಕೆ ಇಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೆ ದೊಡ್ಡಪ್ಪ ಅಪ್ಪನವರ ಹೆಸರನ್ನೇ ಇಟ್ಟರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳನ್ನು ಜಾತಿ ಕೇಳದೆ ಕೊಟ್ಟರು.

ಆ ಹಿರಿಯರು ಇಲ್ಲದ ಕಡೆ ಶಾಲೆ ಕಟ್ಟಿದರು. ಇಂದು ಕಟ್ಟಡಗಳಿಗೆ ಬರವಿಲ್ಲ. ಕಟ್ಟಡದ ಬಾಗಿಲವರೆಗೆ ಮಗುವನ್ನು ಕೈ ಹಿಡಿದು ತರುವವರಿಗೆ ಬರ. ನಮ್ಮವರೇ ನಡೆಸುವ ಎಷ್ಟೋ ಸಂಸ್ಥೆಗಳಲ್ಲಿ ಲಕ್ಷಗಟ್ಟಲೆ ಶುಲ್ಕ ಕೊಡಬಲ್ಲವರಿಗೆ ಮೊದಲ ಮಣೆ. ಬಸವಣ್ಣನವರ ಭಾವಚಿತ್ರ ಕಚೇರಿಯ ಗೋಡೆಯ ಮೇಲಿರುತ್ತದೆ, ರಸೀದಿ ಪುಸ್ತಕ ಅದರ ಕೆಳಗಿರುತ್ತದೆ. ಇದನ್ನು ಹೇಳಿದರೆ ಕೆಲವರಿಗೆ ನೋವಾಗಬಹುದು. ಹೇಳದಿದ್ದರೆ ಈ ಪತ್ರಿಕೆಯಲ್ಲಿ ಬರೆಯುವುದಕ್ಕೆ ಅರ್ಥವಿಲ್ಲ.

ನನ್ನ ವಿನಂತಿ ದೊಡ್ಡದೇನಲ್ಲ. ಹಣಕ್ಕಿಂತ ಮನಸ್ಸು ಬೇಡುವ ನಾಲ್ಕು ಕೆಲಸಗಳು.

ಒಂದು, ಫಲಿತಾಂಶ ಬಂದ ನಂತರದ ಒಂದು ಶಿವಾನುಭವ ಗೋಷ್ಠಿಯನ್ನು ಪ್ರತಿ ಮಠವೂ "ಮುಂದೇನು?" ಎಂಬ ಪ್ರಶ್ನೆಗೇ ಮೀಸಲಿಡಲಿ. ಉಪನ್ಯಾಸಕರ ಬದಲು ಐಟಿಐ ಪ್ರಾಚಾರ್ಯರನ್ನು, ಪಾಲಿಟೆಕ್ನಿಕ್ ಬೋಧಕರನ್ನು, ರೈಲ್ವೆಯಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗನನ್ನು ಕರೆಸಲಿ.

ಎರಡು, ಪರೀಕ್ಷೆ-2ಕ್ಕೆ ಮಠದ ಪ್ರಸಾದ ನಿಲಯದಲ್ಲೇ ಸೋತ ಮಕ್ಕಳನ್ನು ಇಟ್ಟುಕೊಂಡು ಪಾಠ ನಡೆಸಲಿ. ಬೇಸಿಗೆ ರಜೆಯಲ್ಲಿ ಕೊಠಡಿಗಳು ಖಾಲಿಯೇ ಇರುತ್ತವೆ. ನಿವೃತ್ತ ಶಿಕ್ಷಕರು ತಮ್ಮ ಕಾಯಕವನ್ನು ಮೂರು ವಾರ ಮುಂದುವರಿಸಲಿ.

ಮೂರು, ಪ್ರಮಾಣಪತ್ರ, ವಿದ್ಯಾರ್ಥಿವೇತನ, ಆನ್‌ಲೈನ್ ಅರ್ಜಿಗಳಿಗೆ ನೆರವಾಗುವ ಒಂದು ಮೇಜು, ಒಂದು ಕಂಪ್ಯೂಟರ್ ಮಠದ ಅಂಗಳದಲ್ಲಿರಲಿ. ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಶೈಕ್ಷಣಿಕ ಸಾಲದಂಥ ಸೌಲಭ್ಯಗಳ ವಿವರ ಅಲ್ಲಿ ಸಿಗಲಿ. ಆ ಮೇಜಿನ ಮುಂದೆ ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆ ಬೇಡ. ಮೋಮಿನ್ ಎಂಬುದು ದಖ್ಖನಿನಲ್ಲಿ ನೇಕಾರರಿಗೂ ಇರುವ ಹೆಸರು. ನೇಕಾರ ದಾಸಿಮಯ್ಯನನ್ನು ಪೂಜಿಸುವ ನಾವು ಮೋಮಿನಪುರದ ಮಗುವಿಗೆ ಅರ್ಜಿ ತುಂಬಿಕೊಡಲು ಯೋಚಿಸಬೇಕಿಲ್ಲ. ಕೇಂದ್ರ ಸರ್ಕಾರ ಘೋಷಿಸಿದ ಪಿಎಂ ಮಿತ್ರ ಜವಳಿ ಪಾರ್ಕ್ ಕಲಬುರಗಿಗೇ ಬಂದಿದೆ. ಅಲ್ಲಿ ಯಂತ್ರ ನಡೆಸುವವರು ಇಲ್ಲಿಯ ಮಕ್ಕಳಾಗಬೇಕಾದರೆ ತಯಾರಿ ಇಂದೇ ಆಗಬೇಕು.

ನಾಲ್ಕು, ನಮ್ಮ ಸಮಾಜದ ಪ್ರತಿ ಶಿಕ್ಷಣ ಸಂಸ್ಥೆಯೂ ತನ್ನ ಸೀಟುಗಳಲ್ಲಿ ಒಂದು ಪಾಲನ್ನು ಬಡ, ಗ್ರಾಮೀಣ ಮಕ್ಕಳಿಗೆ ಶುಲ್ಕವಿಲ್ಲದೆ ಕೊಡಲಿ. ದಾಸೋಹ ಎಂದರೆ ಜಾತ್ರೆಯ ದಿನದ ಹುಗ್ಗಿ ಮಾತ್ರವಲ್ಲ. ಹಸಿದವನಿಗೆ ಅನ್ನದಂತೆ, ದಾರಿ ಕಾಣದವನಿಗೆ ಅರಿವೂ ದಾಸೋಹವೇ.

ಮುಂದಿನ ಬಸವ ಜಯಂತಿಗೆ ರ‍್ಯಾಂಕ್ ಬಂದವರ ಜೊತೆಗೆ, ಐಟಿಐ ಮುಗಿಸಿ ಕೆಲಸ ಹಿಡಿದ ಒಬ್ಬ ಹುಡುಗನಿಗೂ, ಎರಡನೆಯ ಪ್ರಯತ್ನದಲ್ಲಿ ಪಾಸಾಗಿ ಪಾಲಿಟೆಕ್ನಿಕ್ ಸೇರಿದ ಒಬ್ಬ ಹುಡುಗಿಗೂ ವೇದಿಕೆಯ ಮೇಲೆ ಶಾಲು ಹೊದಿಸೋಣ. ಅವರ ಹೆಸರಿನ ಮುಂದೆ ಅವರ ಕಾಯಕವನ್ನು ಗಟ್ಟಿಯಾಗಿ ಕರೆಯೋಣ. ಅದನ್ನು ಕೇಳಿದ ಹತ್ತು ಮನೆಗಳಲ್ಲಿ "ಮಂದಿ ಏನಂತಾರ" ಎಂಬ ಮಾತು ಸ್ವಲ್ಪವಾದರೂ ತಗ್ಗುತ್ತದೆ.